ವಚನಕ್ಕೂ ಫೌಲ್ ಕೊಡುವ ಅತ್ತೆ

ವಚನ ಓದುವಾಗಲೂ ಫೌಲ್ ಆಗುತ್ತದೆಂದು ನಿಮಗೆ ಗೊತ್ತೇ? ಹೊಳಲ್ಕೆರೆಯಲ್ಲಿರುವ ನನ್ನ ಸೋದರತ್ತೆಯನ್ನು ಕೇಳಿ ನೋಡಿ, ಆಗುತ್ತದೆ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲಾದರೂ ಕೊರಳಿಂದ ವಿಷಲ್ ಇಳಿಯುತ್ತದೆಂದು ನಾವೆಲ್ಲ ಕಾದೆವು. ಇಳಿಯಲಿಲ್ಲ. ಲಿಂಗದ ಕರಡಿಗೆಯ ಜೊತೆಗೆ ಅದೂ ತೂಗುತ್ತಲೇ ಇದೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಮಾವ ಅಂಗಳಕ್ಕೆ ಓಡುತ್ತಾರೆ, ಅತ್ತೆ ವಿಷಲ್ ಊದಿದರೆ ಒಲೆ ಆರಿಸುತ್ತಾರೆ!

ಓಣಿಯ ಹಿರಿಯರು ಒಮ್ಮೆ, ಹರೆಯದ ಮಕ್ಕಳಿಗೆ ವಚನದ ರುಚಿ ಹತ್ತಿಸಬೇಕೆಂದು ಉಪನ್ಯಾಸ ಇಡಿಸಿದರು. ಉಪನ್ಯಾಸಕರು ಪೀಠಿಕೆ ಮುಗಿಸುವಷ್ಟರಲ್ಲಿ ಮಕ್ಕಳೆಲ್ಲ ಮೊಬೈಲಿನೊಳಗೆ ಸಮಾಧಿ ಸ್ಥಿತಿ ತಲುಪಿದ್ದರು. ಹಿಂದಿನ ಸಾಲಿನಿಂದ ಅತ್ತೆ ಎದ್ದರು.

"ಭಾನುವಾರ ನಮ್ಮನೆಗೆ ಕಳಿಸ್ರಿ. ಮೊದ್ಲು ಎಬ್ಬಿಸ್ತೀನಿ, ಆಮೇಲೆ ಓದಿಸ್ತೀನಿ."

ಒಂಬತ್ತನೇ ಕ್ಲಾಸಿನ ನನ್ನ ಮಗಳನ್ನೂ ಚಿತ್ರದುರ್ಗದಿಂದ ಬಸ್ಸು ಹತ್ತಿಸಿ ಕರೆದೊಯ್ದೆ. ದಾರಿಯುದ್ದಕ್ಕೂ ಅವಳ ಮುಖ ಊದಿಕೊಂಡೇ ಇತ್ತು. ಅತ್ತೆ ಮಕ್ಕಳನ್ನೆಲ್ಲ ಅಂಗಳದ ಸುತ್ತ ಓಡಿಸಿ, ಅವರು ಏದುಸಿರು ಬಿಡುತ್ತಿರುವಾಗಲೇ ಕೈಗೆ ವಚನದ ಪುಸ್ತಕ ಕೊಟ್ಟರು. ಮೊದಲಿಗೆ ಎದ್ದ ಹುಡುಗ ಕಣ್ಣು ಮುಚ್ಚಿ, ಭಕ್ತಿ ತುಂಬಿ ರಾಗ ಎಳೆದ. ವಿಷಲ್ ಕೂಗಿತು.

"ಫೌಲ್. ಯಾಕಪ್ಪ ಅಳ್ತೀಯ? ಯಾರಾದ್ರೂ ಹೊಡೆದ್ರಾ?"

"ವಚನ ಅಲ್ವಾ ಮಿಸ್, ಹಿಂಗೇ ಓದ್ಬೇಕು ಅಂತ..."

"ಬರೆದೋರು ನಮ್ಮಂಗೆ ಮಾತಾಡಿದೋರು ಕಣೋ. ಹಾಲಿನ ಅಂಗಡೀಲಿ ಮಾತಾಡ್ತೀಯಲ್ಲ, ಹಂಗೇ ಓದು."

ಅವರ ಇನ್ನೊಂದು ನಿಯಮ ಇನ್ನೂ ವಿಚಿತ್ರ. ಅರ್ಥವಾಯಿತು ಎಂದು ತಲೆಯಾಡಿಸಿದವರಿಗೆ ಮತ್ತೊಂದು ಸುತ್ತು ಓಟ. ಅರ್ಥವಾಗಲಿಲ್ಲ ಎಂದವರಿಗೆ ಮಂಡಕ್ಕಿ. ದಡ್ಡತನಕ್ಕೆ ಇಂಥ ಬಹುಮಾನ ಯಾವ ಶಾಲೆಯಲ್ಲಿದೆ ಹೇಳಿ! ಎರಡೇ ವಾರದಲ್ಲಿ ಹೊಳಲ್ಕೆರೆಯ ಮಕ್ಕಳಿಗೆ ಏನೂ ಅರ್ಥವಾಗದಂತಾಯಿತು.

"ಬೇಗ ಒಂದಿಷ್ಟು ಅರ್ಥ ಮಾಡ್ಕಳ್ರಪ್ಪ, ಡಬ್ಬ ಖಾಲಿ ಆಗೈತೆ" ಎಂದು ಮಾವ ಬಾಗಿಲಲ್ಲಿ ನಿಂತು ಬೇಡಿಕೊಂಡರು.

ಆದರೆ ಅತ್ತೆಯ ಲೆಕ್ಕವೇ ಬೇರೆ. ಅರ್ಥವಾಗಲಿಲ್ಲ ಎಂದರೆ ಸಾಲದು, ಎಲ್ಲಿ ಸಿಕ್ಕಿಬಿದ್ದೆ ಎಂದು ತೋರಿಸಬೇಕು. ತೋರಿಸಬೇಕಾದರೆ ಓದಲೇಬೇಕು. ಮಂಡಕ್ಕಿಯ ಆಸೆಗೆ ಮಕ್ಕಳು ಪುಸ್ತಕ ಜಾಲಾಡತೊಡಗಿದರು. ಮುಖ ಊದಿಸಿಕೊಂಡಿದ್ದ ನನ್ನ ಮಗಳು ಈಗ ಬಸ್ಸಿನಲ್ಲೇ ಪ್ರಶ್ನೆ ಹುಡುಕುತ್ತಿದ್ದಳು.

ಹಾಗೆ ಹುಡುಕಿ ತಂದ ಒಂದು ಪ್ರಶ್ನೆ ಇಡೀ ಮನೆಯನ್ನೇ ನಿಲ್ಲಿಸಿಬಿಟ್ಟಿತು. ಅಂದು ಓದಿದ್ದು ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂಬ ವಚನ. ಮಗಳು ಕೈ ಎತ್ತಿದಳು.

"ಅಜ್ಜಿ, ನಂಗೆ ಅರ್ಥ ಆಗ್ಲಿಲ್ಲ."

"ಎಲ್ಲಿ?"

"ಯಾರೂ ಕೀಳಲ್ಲ ಅಂತ ಇಲ್ಲೈತೆ. ಮತ್ತೆ ನಾಗಮ್ಮಜ್ಜಿ ಲೋಟ ಯಾಕೆ ಹಿತ್ತಲ ಕಿಟಕೀಲಿ ಬೇರೆ ಇಟ್ಟಿದೀರಿ?"

ನಾಗಮ್ಮ ಆ ಮನೆಯಲ್ಲಿ ಬಹಳ ವರ್ಷಗಳಿಂದ ಪಾತ್ರೆ ತೊಳೆಯುತ್ತಿದ್ದವರು. ಹಿತ್ತಲಲ್ಲಿ ಪಾತ್ರೆಗಳ ಸದ್ದು ಥಟ್ಟನೆ ನಿಂತಿತು. ನಾನು ಮಗಳ ತೊಡೆ ಚಿವುಟಲು ಕೈ ಚಾಚಿದೆ.

"ಬಿಡು ಅವಳನ್ನ" ಎಂದರು ಅತ್ತೆ. ಅವರ ಮುಖ ಕೆಂಪಾಗಿತ್ತು. "ನಮ್ಮತ್ತೆ ಇಡ್ತಿದ್ರು, ನಾನೂ ಇಟ್ಟೆ. ಅಷ್ಟೇ ಕಣವ್ವ" ಎಂದು ಎದ್ದು ಒಳಗೆ ಹೋದರು.

ಪಾಠ ಮುಗಿಯಿತು, ಬಹುಶಃ ನಮ್ಮ ಸಂಬಂಧವೂ ಮುಗಿಯಿತು ಎಂದುಕೊಂಡೆ. ಆದರೆ ಅತ್ತೆ ಬಕೆಟ್ ಹಿಡಿದು ಹೊರಬಂದರು. ಅಡುಗೆಮನೆಯ ಸ್ಟೀಲ್ ಲೋಟಗಳೆಲ್ಲ ಅದರಲ್ಲಿದ್ದವು, ಕಿಟಕಿಯ ಲೋಟವೂ ಇತ್ತು. ಎಲ್ಲವನ್ನೂ ತಾವೇ ತೊಳೆದು, ತಟ್ಟೆಯಲ್ಲಿ ಜೋಡಿಸಿ, ಟೀ ಸುರಿದು, ನಾಗಮ್ಮನನ್ನು ಕರೆದರು. ಸೆರಗಿಗೆ ಕೈ ಒರೆಸುತ್ತ ಬಂದ ನಾಗಮ್ಮ ಬಾಗಿಲಲ್ಲೇ ನಿಂತರು.

"ನನ್ ಲೋಟ ಎಲ್ಲೈತ್ರಮ್ಮ?"

"ಎಲ್ಲಾ ಕಲೆತೋಗ್ಯಾವೆ ನಾಗಮ್ಮ. ನಂಗೂ ಗುರ್ತು ಸಿಗ್ತಿಲ್ಲ. ಯಾವ್ದಾದ್ರೂ ತಗಳ್ರಿ."

ಅಷ್ಟು ವರ್ಷ 'ತಗ' ಎಂದ ಬಾಯಲ್ಲಿ 'ತಗಳ್ರಿ' ಬಂದದ್ದಕ್ಕೆ ಮಾವ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು. ನನ್ನ ಅತ್ತೆ, ನನ್ನ ಮಗಳು. ಯಾರ ಬಗ್ಗೆ ಹೆಚ್ಚು ಹೆಮ್ಮೆಪಡಬೇಕೆಂದು ನನಗೆ ಈಗಲೂ ತಿಳಿಯದು.

ನಾಗಮ್ಮ ಲೋಟ ಹಿಡಿದು ಎಂದಿನಂತೆ ಹಿತ್ತಲಿಗೆ ತಿರುಗಿದರು. ಅತ್ತೆ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

"ಇಲ್ಲೇ ಕುಂತ್ಕಳ್ರಿ. ಹುಡ್ಗಿ ಓದ್ತಾಳೆ, ಕೇಳಾಣ."

ಮಗಳು ಓದಿದಳು. ನಾಗಮ್ಮ ಟೀ ಕುಡಿಯುವುದನ್ನೇ ಮರೆತು ಕೇಳಿದರು. ಮುಗಿದ ಮೇಲೆ, "ಇನ್ನೊಂದ್ಸಲ ಓದವ್ವ" ಎಂದರು.

ಎರಡನೆಯ ಸಲ ಮಗಳು ಅರ್ಧಕ್ಕೇ ನಿಲ್ಲಿಸಿ ನಾಗಮ್ಮನ ಮುಖ ನೋಡಿದಳು. ಅತ್ತೆ ಪುಸ್ತಕ ನೋಡುವವರಂತೆ ಮುಖ ಬಗ್ಗಿಸಿ, ಅವಳ ಬೆನ್ನ ಮೇಲೆ ಕೈ ಇಟ್ಟರು.

"ಓದು ಕಂದ" ಎಂದರು. "ನಾನೂ ಈಗ್ಲೇ ಕೇಳಿಸ್ಕಂತಿರೋದು."