ಅಮ್ಮ ಹಾಡು ನಿಲ್ಲಿಸುತ್ತಿದ್ದ ಜಾಗ

ಮಕ್ಕಳು ಹೆಸರು ಮಾಡಿದರೆ ಅಪ್ಪನಾದವನಿಗೆ ಸಂತೋಷವಾಗುತ್ತದೆ ಎನ್ನುವುದು ಅರ್ಧ ನಿಜ. ಆ ಹೆಸರಿನ ಹಿಂದೆ ತನ್ನದೂ ಒಂದು ಕೈಯಿದೆಯೆಂದು ಅವರು ನಾಲ್ಕು ಜನರ ಮುಂದೆ ಹೇಳಲಿ ಎಂಬ ಆಸೆ ಉಳಿದರ್ಧ. ನಾನಂತೂ ಆ ಆಸೆ ಹೊತ್ತುಕೊಂಡೇ ಮಗಳು ವೈದೇಹಿಯ ಸಂಗೀತ ಕಛೇರಿಗೆ ಹೋಗಿದ್ದೆ.

ವೈದೇಹಿ ಜಾಜ್ ಪಿಯಾನೋ ನುಡಿಸುತ್ತಾಳೆ, ಟಿ. ನಗರದ ಸೀರೆ ಅಂಗಡಿಯೊಂದರ ಮಹಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ತ್ರಿಪ್ಲಿಕೇನಿನ ನಮ್ಮ ವೈಷ್ಣವರ ಮನೆಗೆ ಈ ಜಾಜ್ ಎಲ್ಲಿಂದ ಬಂತೆಂದು ನೆಂಟರು ಕೇಳಿದಾಗಲೆಲ್ಲ ನಾನು ಪ್ಯಾರೀಸ್ ಕಾರ್ನರ್ ಪೇಟೆಯ ಕಥೆ ಹೇಳುತ್ತಿದ್ದೆ. ಅವಳು ಚಿಕ್ಕವಳಿದ್ದಾಗ ಅಲ್ಲಿಂದ ಹಳೆಯ ಕೀಬೋರ್ಡೊಂದನ್ನು, ಬಸ್ಸಿನಲ್ಲಿ ಎಲ್ಲರ ಮಂಡಿಗೂ ತಗುಲಿಸಿ ಬೈಸಿಕೊಂಡು, ಹೊತ್ತು ತಂದವನು ನಾನು. ಮುಂದೆ ಅವಳು ಬ್ಯಾಂಕ್ ಪರೀಕ್ಷೆ ಬಿಟ್ಟು ಹೋಟೆಲಿನಲ್ಲಿ ಪಿಯಾನೋ ನುಡಿಸಲು ಹೊರಟಾಗ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. "ನುಡಿಸ್ಲಿ ಬಿಡೋ. ನೀನು ಬ್ಯಾಂಕ್ ಸೇರಿ ಕಡಿದು ಕಟ್ಟೆ ಹಾಕಿದ್ದೇನು?" ಎಂದು ನನ್ನಮ್ಮ ಬಾಯಿ ಮುಚ್ಚಿಸಿದರು.

ಕಛೇರಿಯ ನಡುವೆ ಸಭಿಕರೊಬ್ಬರು, ನಿಮ್ಮ ಮೇಲೆ ಪ್ರಭಾವ ಬೀರಿದವರು ಯಾರು ಎಂದು ಕೇಳಿದರು. ನಾನು ಕಾಲರ್ ಸರಿಮಾಡಿಕೊಂಡೆ.

"ನಮ್ಮಜ್ಜಿ," ಎಂದಳು ವೈದೇಹಿ.

ಹೊಟ್ಟೆಕಿಚ್ಚಾದರೂ ಮಾತು ನಿಜ. ಈಗಿಲ್ಲದ ನನ್ನಮ್ಮ ತರಕಾರಿ ಹೆಚ್ಚುತ್ತಾ ದೇವರನಾಮ ಹಾಡುತ್ತಿದ್ದರು. ಚರಣದ ಮಧ್ಯೆ ತಳ್ಳುಗಾಡಿಯವನ ಕೂಗು ಕೇಳಿದರೆ ಹಾಡು ನಿಲ್ಲುತ್ತಿತ್ತು. ಕಿಟಕಿಯಿಂದ "ಕತ್ತರಿಕ್ಕಾಯಿಲೆ ಪುಳು ಇರುಕ್ಕಾಪ್ಪಾ?" ಎಂದು ಬದನೆಕಾಯಿಯ ಹುಳದ ವಿಚಾರಣೆ ಮುಗಿಸಿ, ತಾಳ ಒಂದಿಷ್ಟೂ ತಪ್ಪದೆ ಮುಂದಿನ ಅಕ್ಷರಕ್ಕೆ ಬಂದು ಕೂರುತ್ತಿದ್ದರು. ಅಷ್ಟು ಹೊತ್ತೂ ಕಾಲಿನ ಹೆಬ್ಬೆರಳು ತಾಳ ಹಾಕುತ್ತಲೇ ಇರುತ್ತಿತ್ತು. ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡ ಮೊಮ್ಮಗಳು ಆ ಖಾಲಿ ಜಾಗದಲ್ಲಿ ತನಗೆ ತೋಚಿದ್ದನ್ನು ನುಡಿಸುತ್ತಿದ್ದಳು. "ಹಾಗೇ ಬಾರಿಸ್ತಿರೇ, ನಾನು ಬಂದ್ಬಿಡ್ತೀನಿ," ಎನ್ನುತ್ತಿದ್ದರು ಅಮ್ಮ. ಜಾಜ್ ಎಂದರೂ ಹೆಚ್ಚುಕಡಿಮೆ ಇದೇ ಎಂದು ನಮಗ್ಯಾರಿಗೆ ಗೊತ್ತಿತ್ತು!

ಆಮೇಲೆ ವೈದೇಹಿ ನನ್ನಮ್ಮನ ಹಾಡೊಂದನ್ನು ನುಡಿಸಿದಳು. ಚರಣದ ನಡುವೆ ಕೈಯೆತ್ತಿ ಸುಮ್ಮನೆ ಕುಳಿತುಬಿಟ್ಟಳು. ಮರೆತಳೇನೋ ಎಂದು ಸಭಿಕರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು, ಅಲ್ಲಿ ಬೆನ್ನು ತಿರುಗಿಸಿ ನಿಂತ ಅಮ್ಮ ಕಾಣುತ್ತಿದ್ದರು. ಸರಿಯಾಗಿ ಆ ಅಕ್ಷರಕ್ಕೆ ವೈದೇಹಿ ಬಂದಳು. ನಾನೂ ಬಂದೆ, ಗಟ್ಟಿಯಾಗಿ ಹಾಡಿಕೊಂಡು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದೆ.

ಅದೇ ಉಮೇದಿನಲ್ಲಿ ಅವಳ ತರಗತಿಗೆ ಸೇರಿಕೊಂಡೆ. ಸ್ಟೂಲಿನ ಮೇಲೆ ಕೂತರೆ ನನ್ನ ಸಹಪಾಠಿಗಳ ಕಾಲು ಇನ್ನೂ ನೆಲಕ್ಕೆ ತಾಗುವುದಿಲ್ಲ. ಮನೆಯಲ್ಲಿ ನನಗೆ ನೀನು ಎನ್ನುವ ಮಗಳು ಅಲ್ಲಿ ಮಾತ್ರ ನೀವು ಎನ್ನುತ್ತಾಳೆ. ಮೊನ್ನೆ ಪಾಠ ಒಪ್ಪಿಸಲಾಗದೆ ತಡಕಾಡಿದೆ.

"ಪ್ರಾಕ್ಟೀಸೇ ಪಣ್ಣಲಿಲ್ಲ ಅಲ್ವಾ? ನಾಳೆ ಪೇರೆಂಟ್ಸನ್ನ ಕರ್ಕೊಂಡು ಬನ್ನಿ," ಎಂದಳು ಅಭ್ಯಾಸಬಲದಿಂದ. ಎಂದವಳೇ ನಾಲಿಗೆ ಕಚ್ಚಿಕೊಂಡಳು.

"ಅವರಿಬ್ಬರೂ ಹೋಗಿಯಾಯ್ತಲ್ಲಮ್ಮಾ. ಇನ್ನು ನನ್ನ ಮೇಲಿನ ದೂರೆಲ್ಲ ನಿನಗೇ ಬರ್ಬೇಕು," ಎಂದೆ.

ಅವಳು ದೂರು ಸ್ವೀಕರಿಸಿದಂತೆ ಗಂಭೀರವಾಗಿ ತಲೆಯಾಡಿಸಿ ಶಿಕ್ಷೆಯನ್ನೂ ವಿಧಿಸಿದಳು. ಮಕ್ಕಳೆಲ್ಲ ಕಿಸಿಕಿಸಿ ನಗುತ್ತಾ ಮನೆಗೆ ಹೋದ ಮೇಲೂ ನಾನೊಬ್ಬ ಕೂತು ಅದೇ ಪಾಠ ಬಾರಿಸುತ್ತಿದ್ದೆ.