ಬಿಯರ್ ಡ್ರಮ್ಮು ಬಿಟ್ಟು ಬರೋ ಹಂಗಿಲ್ಲ

ಬಿಯರ್ ಕುಡಿಯುವವರ ಫಜೀತಿ ಊರಿಗೆಲ್ಲ ಗೊತ್ತು. ಬಿಯರ್ ಮಾಡುವವನ ಫಜೀತಿ ಮಾತ್ರ ನನಗೊಬ್ಬನಿಗೇ ಗೊತ್ತು, ಯಾಕಂದ್ರೆ ನಮ್ಮ ಕೊಟ್ಟೂರಿನಲ್ಲಿ ಮನೆಯ ಹಿತ್ತಲಲ್ಲೇ ಅದನ್ನು ಮಾಡುವ ಹುಚ್ಚ ನಾನೊಬ್ಬನೇ ಇರಬೇಕು. ವಾರಕ್ಕೊಂದಾದರೂ ನಗೆಪಾಟಲು ಆಗದಿದ್ದರೆ ಏನೋ ಕಳಕೊಂಡ ಹಾಗೆ ಆಗುತ್ತದೆ ಈಗ.

ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವ ನಾನು. ಲಾರಿ ಕ್ಲೀನರ್ ಆದೆ, ದಾವಣಗೆರೆಯಲ್ಲಿ ಮಂಡಕ್ಕಿ ಹುರಿದೆ, ಗೋವಾದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಡ್ರಮ್ಮು ತೊಳೆದೆ. ತೊಳೆಯುತ್ತ ತೊಳೆಯುತ್ತ ವಿದ್ಯೆ ತಲೆಗೆ ಹತ್ತಿತು. ಶಾಲೆಯಲ್ಲಿ ಹತ್ತದ್ದು ಅಲ್ಲಿ ಹತ್ತಿತು ನೋಡಿ! ಈಗ ಅಕ್ಕ-ಭಾವನ ಮನೆಯಲ್ಲಿದ್ದು ಬೋರಿನ ಮೋಟರ್ ರಿಪೇರಿ ಮಾಡುತ್ತೇನೆ.

ಅಕ್ಕ ನನಗೊಂದು ಹೆಣ್ಣು ನೋಡಿದಳು, ಹೂವಿನಹಡಗಲಿ ಕಡೆಯವಳು. ನೋಡಿದೆ, ಎದೆ ಡಬಡಬ ಅಂತು. ಅವಳೂ ನಕ್ಕಳು. ಆದರೆ ಅವಳ ಅಪ್ಪನಿಗೆ ಒಂದೇ ಅನುಮಾನ: “ಹುಡುಗನ ಕಾಲಾಗ ಗಾಲಿ ಅದಾವಂತ. ಒಂದ ಕಡಿ ನಿಲ್ತಾನೇನ್ರಿ?” ನಿಮ್ಮ ಮನೆ ನೋಡಿಕೊಂಡು ಹೋಗಿ ಹೂಂ-ಉಹೂಂ ಹೇಳ್ತೀವಿ ಅಂದರು. ಅವರು ಬಂದು ಹೋಗುವ ತನಕ ಹೆಸರು ಕೆಡಿಸಿಕೊಳ್ಳಬೇಡ ಅಂತ ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಕಿದೆ. ಆದರೆ ಬಿಯರು ಆಣೆ ಹಾಕಿರಲಿಲ್ಲವಲ್ಲ!

ಮಾಳಿಗೆ ಮೇಲಿನ ರಾಗಿ

ನನ್ನ ಬಿಯರಿಗೆ ಬಾರ್ಲಿ ಜೊತೆ ನಮ್ಮ ರಾಗಿಯೂ ಬೀಳುತ್ತದೆ. ರಾಗಿ ನೆನೆಸಬೇಕು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ಮಾಳಿಗೆ ಮೇಲೆ ಒಣಹಾಕಬೇಕು, ಗುಬ್ಬಿ ಕಾಯಬೇಕು. ನಾನು ಕೊಡೆ ಹಿಡಿದು ಕೂತು ಕಾಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ತನ್ನ ಮಾಳಿಗೆಯಿಂದ ಇಣುಕಿದಳು.

“ಏನಪ, ಮೊಳಕಿ ರಾಗಿ?”

“ಹೂಂ ಅಜ್ಜಿ. ಒಣಗಿಸಿ ಒಡಸಬೇಕು.”

ಅಜ್ಜಿ ಸರಸರ ಮಾಳಿಗೆ ಇಳಿದಳು. ಸಂಜೆ ಅಕ್ಕ ನೀರು ತರಲು ಹೋದರೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ನಮ್ಮ ಕಡೆ ಮೊಳಕೆ ರಾಗಿ ಒಣಗಿಸುವುದು ಒಂದಕ್ಕೇ: ಎಳೆಗೂಸಿಗೆ ‘ಸರಿ’ ಅನ್ನುವ ಗಂಜಿ ಉಣಿಸಲು. ಅಜ್ಜಿ ಓಣಿಗೆಲ್ಲ ಸಾರಿಬಿಟ್ಟಿದ್ದಳು: “ಹೆಣ್ಣಿನ ಕಡೇರು ಇನ್ನೂ ಮನಿ ನೋಡಾಕ ಬಂದಿಲ್ಲ, ಇವ ಆಗಲೇ ಕೂಸಿಗೆ ಸರಿ ಮಾಡಾಕತ್ಯಾನ! ಅದೂ ಚೀಲಗಟ್ಟಲೆ! ಎಷ್ಟು ಮಕ್ಕಳ ಲೆಕ್ಕ ಹಾಕ್ಯಾನೋ ಏನೋ!”

ಖಾಲಿ ಬಾಟಲಿ

ಬಿಯರ್ ತುಂಬಲು ಬಾಟಲಿ ಬೇಕು. ಗುಜರಿಯವನ ಹತ್ತಿರ ಖಾಲಿ ಬಾಟಲಿ ಚೀಲ ತುಂಬಿಸಿ, ಗಾಡಿ ಹಿಂದೆ ಕಟ್ಟಿಕೊಂಡು ಖಣಖಣ ಅನ್ನಿಸುತ್ತ ಬಂದೆ. ಚಾದಂಗಡಿಯವ ಎದ್ದೇ ನಿಂತ. “ಎಲ್ಲರೂ ಕುಡಿದು ಮನಿಯಿಂದ ಖಾಲಿ ಬಾಟ್ಲಿ ಹೊರಗ ಸಾಗಿಸ್ತಾರ. ಇವ ಒಳಗ ತಗೊಂಡು ಹೊಂಟಾನಲ್ಲ!”

ಇನ್ನು ತೊಳೆಯುವುದು. ಒಂದು ಚೂರು ಕೊಳೆ ಉಳಿದರೂ ಇಡೀ ಬಿಯರು ಹುಳಿ. ಹಿತ್ತಲಲ್ಲಿ ದೊಡ್ಡ ಟಬ್ಬಿನಲ್ಲಿ ಬಿಸಿನೀರು ಹಾಕಿ, ಬೆಳಿಗ್ಗೆ ಕೂತವ ತಲೆ ಎತ್ತಲಿಲ್ಲ. ಉಂಡ ತಾಟು ಎತ್ತದ ತಮ್ಮ ಹೀಗೆ ತಿಕ್ಕುವುದನ್ನು ನೋಡಿ ಅಕ್ಕ ಸದ್ದಿಲ್ಲದೆ ಒಂದು ತಪ್ಪಲಿ ಟಬ್ಬಿಗೆ ಬಿಟ್ಟಳು. ತೊಳೆದೆ. ಕುಕ್ಕರ್ ಬಿಟ್ಟಳು. ತೊಳೆದೆ. ಬಾಟಲಿ ಗುಂಗಿನಲ್ಲಿ ನನಗೆಲ್ಲಿ ಗೊತ್ತಾಗಬೇಕು? ಸಂಜೆ ಎಣಿಸಲು ಹೋದರೆ ಬಾಟಲಿಗಿಂತ ಪಾತ್ರೆಯೇ ಹೆಚ್ಚು! ಅದರಲ್ಲಿ ಒಂದು ಹಾಲಿನ ಕ್ಯಾನು ನಮ್ಮದಲ್ಲವೇ ಅಲ್ಲ.

“ಅಕ್ಕ, ಇದು ಯಾರದು?”

“ಪಕ್ಕದ ಅಜ್ಜಿದು. ನಾಳೆ ಹಂಡೆ ಕಳಸ್ತಾಳಂತ, ನೀರು ಬಿಸಿ ಇಟ್ಟಿರು ಅಂದಾಳ.”

ಲಾರಿ ಬಂತು

ನನ್ನನ್ನು ಮೊದಲು ಲಾರಿ ಹತ್ತಿಸಿದ ಹರಪನಹಳ್ಳಿ ಡ್ರೈವರಣ್ಣ ಬಾಗಿಲಿಗೇ ಬಂದು ಹಾರ್ನ್ ಹೊಡೆದ. “ಬಾರಲೇ, ಕೊಲ್ಲಾಪುರಕ್ಕೆ ಲೋಡ್ ಇದೆ. ಇಬ್ಬರೂ ಹೋಗಿ ಬರಾಣ.”

ಕಾಲು ಕುಣಿಯತೊಡಗಿದವು. ಕೊಲ್ಲಾಪುರ! ಆದರೆ ಒಳಗೆ ಡ್ರಮ್ಮಿನಲ್ಲಿ ಬಿಯರು ಗುಳುಗುಳು ಅನ್ನುತ್ತಿತ್ತು. ನಮ್ಮ ಬಿಸಿಲಿಗೆ ಅದು ಕಾದರೆ ಕೆಟ್ಟಿತು. ಅದಕ್ಕೆ ಡ್ರಮ್ಮಿಗೆ ಗೋಣಿಚೀಲ ಸುತ್ತಿ, ಚೀಲ ಒಣಗಿದಂತೆಲ್ಲ ನೀರು ಚಿಮುಕಿಸಬೇಕು.

“ಆಗಲ್ಲಣ್ಣ, ಡ್ರಮ್ಮು ಬಿಟ್ಟು ಬರೋ ಹಂಗಿಲ್ಲ.”

ಅವ ಒಳಗೆ ಬಂದು, ಒದ್ದೆ ಗೋಣಿ ಹೊದ್ದು ಕೂತ ಡ್ರಮ್ಮನ್ನು ನೋಡಿ, ಕೈ ಮುಗಿದ. “ನಿಮ್ಮಪ್ಪ ಹಗ್ಗ ಹಾಕಿ ಕಟ್ಟಿದರೂ ನಿಲ್ಲದವನನ್ನ ಈ ತಾಯಿ ಬರೀ ಗುಳುಗುಳು ಅಂದು ನಿಲ್ಲಿಸಿಬಿಟ್ಟಳಲ್ಲೋ!”

ಮನೆ ನೋಡಲು ಬಂದರು

ಹೆಣ್ಣಿನ ಕಡೆಯವರು ಸೋಮವಾರ ಬರುತ್ತೇವೆ ಅಂದಿದ್ದರು. ಸೋಮವಾರ ಅಮಾವಾಸ್ಯೆ ಅಂತ ಯಾರೋ ನೆನಪು ಮಾಡಿದ್ದಕ್ಕೆ ಭಾನುವಾರವೇ ಬಂದುಬಿಟ್ಟರು, ಹುಡುಗಿಯ ಅಪ್ಪ ಮತ್ತು ಚಿಗವ್ವ. ನಾನು ಹಿತ್ತಲಲ್ಲಿ, ಬರೀ ಬನಿಯನ್ನಿನಲ್ಲಿ, ದೊಡ್ಡ ಕೊಪ್ಪರಿಗೆ ಮುಂದೆ. ಮೊಳಕೆ ಕಾಳಿನ ರಸ ಆಗಷ್ಟೇ ಕುದಿ ಹತ್ತಿತ್ತು.

“ಬಾರೋ, ಬಂದು ನಮಸ್ಕಾರ ಮಾಡೋ!” ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಬಂದೆ ತಡಿ, ಬಿಟ್ರೆ ಉಕ್ಕತೈತಿ.”

ಉಪ್ಪಿಟ್ಟು ಆಯಿತು. ಚಾ ಆಯಿತು. ಮತ್ತೊಮ್ಮೆ ಚಾ ಆಯಿತು. ಭಾವ ಮಳೆ-ಬೆಳೆ ಮಾತಾಡಿ ಮಾತಾಡಿ ಬರಿದಾದ. ಕೊನೆಗೆ ಹುಡುಗಿಯ ಅಪ್ಪ ತಾವೇ ಎದ್ದು ಹಿತ್ತಲಿಗೆ ಬಂದರು.

“ಏನು ಕುದಸ್ತೀಯಪ ತಮ್ಮಾ?”

“ಕಷಾಯ ರಿ!” ಹಿಂದಿನಿಂದ ಅಕ್ಕ.

“ಬಿಯರ್ ರಿ!” ನಾನು. ಏನು ಮಾಡಲಿ, ಕೇಳುವವರು ಸಿಕ್ಕರೆ ನನಗೆ ತಡೆಯಲಾಗುವುದಿಲ್ಲ. ಮೊಳಕೆಯಿಂದ ಬಾಟಲಿ ತನಕ ಎಲ್ಲ ಹೇಳಿದೆ. ಅವರಿಗೆ ಹಡಗಲಿಯಲ್ಲಿ ಮಲ್ಲಿಗೆ ತೋಟ. ಬಿಯರಿಗೆ ಹಾಕುವ ಒಣ ಕಹಿ ಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರು. ಮುಖ ಮಾತ್ರ ಬಿಗಿದೇ ಇತ್ತು.

“ದಿನಾ ಕುಡಿತೀಯೇನು?”

“ಪುರುಸೊತ್ತು ಎಲ್ಲೈತ್ರಿ? ನೆನಸಬೇಕು, ಕುದಸಬೇಕು, ತೊಳಿಬೇಕು. ಮುಗಿಯೋದ್ರಾಗ ಸಾಕಾಗಿ ಒಂದು ಲೋಟ ಮಜ್ಜಿಗಿ ಕುಡಿದು ಮಕ್ಕೊಂತೀನಿ.”

ಅಷ್ಟರಲ್ಲಿ ಬಾಗಿಲಲ್ಲಿ ಐಸ್ ಗಡ್ಡೆಯ ಆಟೋ ನಿಂತಿತು. ರಸ ತಣಿಸಲು ಐಸ್ ಬೇಕೇ ಬೇಕು. “ಸ್ವಲ್ಪ ತಿರುವ್ತಿರ್ರಿ” ಅಂತ ಸೌಟು ಅವರ ಕೈಗೇ ಕೊಟ್ಟು ಓಡಿದೆ. ಅಕ್ಕ ಹಣೆ ಹಣೆ ಬಡಿದುಕೊಂಡಳು.

ಐಸ್ ಹೊತ್ತು ತಿರುಗಿ ಬಂದರೆ, ಚಿಗವ್ವ ಹುಡುಗಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಎಲ್ಲ ಹೇಳುತ್ತಿದ್ದಾರೆ. ಐಸ್ ಕೈಯಲ್ಲೇ ಕರಗುತ್ತಿತ್ತು.

ಫೋನಿನಲ್ಲಿ ಅವಳ ದನಿ: “ಕುಡಿಯೋರು ಊರ ತುಂಬ ಅದಾರ ಚಿಗವ್ವ. ಮಾಡಿ ಮಾಡಿ ಕುಡಿಯಾಕ ಹೊತ್ತಿಲ್ಲದವ ಇವನೊಬ್ಬನ. ನನಗ ಒಪ್ಪಿಗಿ. ಅಪ್ಪಗ ಕೇಳು, ಹೂಂ ಅಂತಾನೇನು?”

ಎಲ್ಲರೂ ಅವಳ ಅಪ್ಪನ ಕಡೆ ನೋಡಿದೆವು. ಶಲ್ಯ ಸೊಂಟಕ್ಕೆ ಬಿಗಿದು, ಬೆವರು ಸುರಿಸುತ್ತ, ಎರಡೂ ಕೈಯಿಂದ ಸೌಟು ತಿರುವುತ್ತಿದ್ದ ಅವರು ತಲೆ ಎತ್ತದೆ ಗದರಿದರು:

“ಹೂಂ ಅನ್ನಾಕ ಪುರುಸೊತ್ತು ಬ್ಯಾಡೇನ? ಉಕ್ಕಾಕತ್ತೈತಿ! ಫೋನ್ ಇಡು, ಆಮ್ಯಾಲೆ ಹೇಳ್ತೀನಿ!”