ಹರಿಗೋಲಿನಲ್ಲಿ ಒಂದು ಕುರ್ಚಿ

ಬಳ್ಳಾರಿ ಜಿಲ್ಲೆ ಮದರಾಸಿನಲ್ಲಿ ಉಳಿಯಬೇಕೋ, ಮೈಸೂರಿಗೆ ಸೇರಬೇಕೋ ಎಂದು ಊರೆಲ್ಲ ವಾದಕ್ಕಿಳಿದಿದ್ದ ಕಾಲದಲ್ಲಿ, ಅದಕ್ಕಿಂತ ಗಂಭೀರವಾದ ಪ್ರಶ್ನೆಯೊಂದು ನಮ್ಮ ಹತ್ತಿ ಅಂಗಡಿಯಲ್ಲಿ ಎದ್ದಿತು. ನಮ್ಮ ಸಾಹುಕಾರರು ಯಾವ ದ್ವೀಪಕ್ಕೆ ಹೋಗಬೇಕು? ಜಿಲ್ಲೆಯ ವಿಷಯವನ್ನು ದೊಡ್ಡವರು ದಿಲ್ಲಿಯಲ್ಲಿ ನೋಡಿಕೊಳ್ಳುತ್ತಿದ್ದರು. ದ್ವೀಪದ ವಿಷಯವನ್ನು ನಾವೇ ನೋಡಿಕೊಳ್ಳಬೇಕಾಗಿತ್ತು. ಇಂಥವು ನಮ್ಮ ಅಂಗಡಿಯಲ್ಲಿ ಆಗಾಗ ಆಗುತ್ತಲೇ ಇದ್ದವು. ನಾನು ಅಲ್ಲಿ ಗುಮಾಸ್ತ. ಇವನ್ನೆಲ್ಲ ನಗದೆ ಕೇಳುವುದೂ ನನ್ನ ಕೆಲಸದಲ್ಲಿ ಸೇರಿತ್ತು.

ಆದದ್ದಿಷ್ಟು. ಹತ್ತಿ ಕೊಳ್ಳಲು ಬರುತ್ತಿದ್ದ ಬಿಳಿಯ ದೊರೆಯೊಬ್ಬ ದೇಶ ಬಿಡುವಾಗ ನಮ್ಮಲ್ಲಿ ಒಂದು ಚಿತ್ರದ ಪತ್ರಿಕೆ ಬಿಟ್ಟುಹೋದ. ಅದರಲ್ಲಿ ಹಡಗಿನ ಮೇಲೆ ಗಂಡಹೆಂಡಿರು ಸಾಲಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹಿಂದೆ ತೆಂಗಿನಮರಗಳ ಒಂದು ದ್ವೀಪ. ಸಾಹುಕಾರರು ಅದನ್ನು ನೋಡಿ, ಪೇಟೆಯವರೆಲ್ಲ ಕೇಳುವಂತೆ, "ಈ ವರ್ಷ ನಾನೂ ನಮ್ಮ ಮನಿಯಾಕೀನೂ ದ್ವೀಪಕ್ಕ ಹೋಗೋರು" ಎಂದುಬಿಟ್ಟರು. ಪೇಟೆಯಲ್ಲಿ ಅವರಾಡಿದ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದು ಸುಳ್ಳಾಗುವ ದಿನಕ್ಕಾಗಿ ಎದುರಂಗಡಿಯ ಸಾಹುಕಾರರು ಬಹಳ ತಾಳ್ಮೆಯಿಂದ ಕಾಯುತ್ತಿದ್ದರು.

ಇನ್ನು ಅಮ್ಮನವರು, ಎಂದರೆ ಸಾಹುಕಾರರ ಹೆಂಡತಿ. ಮದುವೆಯಾದಾಗಿನಿಂದ ತವರೂರು ಸಿರುಗುಪ್ಪ, ತಂಗಿಯ ಊರು ಕುರುಗೋಡು, ಇವೆರಡು ಬಿಟ್ಟು ಬೇರೇನೂ ಕಂಡವರಲ್ಲ. ಅವರು ಅಂದೇ ಟ್ರಂಕಿನ ಧೂಳು ಒರೆಸಿಟ್ಟರು.

೧. ದ್ವೀಪ ಯಾವುದು?

ಗಾದಿಯ ಮೇಲೆ ಸಭೆ ಸೇರಿತು. ವಕೀಲರು, ಡಾಕ್ಟರು, ಭೂಪಟ ಸುತ್ತಿಕೊಂಡು ಬಂದ ಹೈಸ್ಕೂಲು ಮೇಷ್ಟರು. ಮೂವರಲ್ಲಿ ಯಾರೂ ಸಮುದ್ರ ನೋಡಿರಲಿಲ್ಲವಾದ್ದರಿಂದ ಚರ್ಚೆಗೆ ಯಾವ ಅಡ್ಡಿಯೂ ಬರಲಿಲ್ಲ.

ಮೇಷ್ಟರು ಮೊದಲು ಅಂಡಮಾನಿನ ಹೆಸರು ಹೇಳಿದರು. ಒಳಗಿನಿಂದ ಸಾಹುಕಾರರ ತಾಯಿಯ ದನಿ ಬಂತು: "ಬ್ಯಾಡೋ ತಮ್ಮ. ಅಲ್ಲಿಗೆ ಹೋಗಿ ಬಂದ ಅಂದ್ರ, ಯಾರನ್ನ ಕಡಿದು ಹೋಗಿದ್ದ ಅಂತ ಮಂದಿ ಕೇಳ್ತಾರ." ವಕೀಲರು ಇದನ್ನು ಒಪ್ಪಿದರು. ಅವರ ಕಕ್ಷಿದಾರನೊಬ್ಬ, ಅವರು ವಾದ ಮುಗಿಸಿ ಕುಳಿತ ಕೂಡಲೇ, ಅಲ್ಲಿಗೇ ಹೋಗಿದ್ದನಂತೆ.

ಆಗ ಸಾಹುಕಾರರೇ ಮದರಾಸಿಗೆ ತುಸು ಪೂರ್ವಕ್ಕೆ, ನೀರಿನಲ್ಲಿದ್ದ ಒಂದು ಸಣ್ಣ ಚುಕ್ಕೆಯ ಮೇಲೆ ಬೆರಳಿಟ್ಟರು. ಹೆಸರು ಬರೆದಿರಲಿಲ್ಲ. "ಸಮೀಪ ಐತಿ, ಗದ್ದಲ ಇರಂಗಿಲ್ಲ" ಎಂದರು. ಅಲ್ಲಿಯ ಹವೆ ಎದೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದರು. ಬ್ರಿಟಿಷರ ಕಣ್ಣಿಗೇ ಬೀಳದೆ ಉಳಿದ ನೆಲವದು ಎಂದು ವಕೀಲರು ಭಾವುಕರಾದರು. ಮೇಷ್ಟರು ಹೆಗಲ ಮೇಲಿನ ವಲ್ಲಿಯಿಂದ ಕನ್ನಡಕ ಒರೆಸಿಕೊಂಡು, ಅದರಿಂದಲೇ ಭೂಪಟವನ್ನೂ ಒರೆಸಿದರು. ದ್ವೀಪ ವಲ್ಲಿಗೆ ಬಂತು. ಅದು ನೊಣದ ಹಿಕ್ಕೆ.

ಆಮೇಲೆ ಲಂಕೆಯನ್ನೂ ಒರೆಸಿ ನೋಡಿದರು. ಹೋಗಲಿಲ್ಲ. ಲಂಕೆಯೇ ಸರಿ ಎಂದು ತೀರ್ಮಾನವಾಯಿತು.

೨. ಕಾಲ ಯಾವುದು?

ಕಾಲ ಗೊತ್ತುಮಾಡಲು ಕುರುಗೋಡಿನಿಂದ ಜೋಯಿಸರು ಬಂದರು. ಪಂಚಾಂಗ ಬಿಡಿಸಿ ಒಂದೊಂದೇ ತಿಂಗಳನ್ನು ಕೊಲ್ಲುತ್ತ ಹೋದರು. ಆಷಾಢ ಹೊರಡುವ ತಿಂಗಳಲ್ಲ. ಶ್ರಾವಣದಲ್ಲಿ ಮನೆ ಬಿಡುವಂತಿಲ್ಲ. ಪಕ್ಷಮಾಸ ಸತ್ತವರದು. ಧನುರ್ಮಾಸ ಶೂನ್ಯ. ಅದಾದ ಮೇಲೆ ಹತ್ತಿ ಬರುತ್ತದೆ. ಹತ್ತಿ ಬಂದ ಮೇಲೆ ಯಮನೇ ಕರೆದರೂ ಸಾಹುಕಾರರು ಪೇಟೆ ಬಿಡುವವರಲ್ಲ.

ಹಾಗಾದರೆ ಬೇಸಿಗೆಯ ಕೊನೆಗೆ ಎಂದರು ವಕೀಲರು. ಆಗ ಲಂಕೆಯಲ್ಲಿ ಬಿಸಿಲು ಹೇಗಿರುತ್ತದೆಂದು ಅಮ್ಮನವರು ಬಾಗಿಲ ಮರೆಯಿಂದ ಕೇಳಿದರು. ಸೂರ್ಯ ಬಹುಮಟ್ಟಿಗೆ ನೆತ್ತಿಯ ಮೇಲೇ ಇರುತ್ತಾನೆಂದು ಮೇಷ್ಟರು ಹೆಮ್ಮೆಯಿಂದ ವಿವರಿಸಿದರು.

"ಬಿಸಿಲು ಕಾಯಾಕ ಹಡಗ ಯಾಕ್ರಿ?" ಎಂದರು ಅಮ್ಮನವರು. "ಬಳ್ಳಾರ್‍ಯಾಗ ಮಾಳಗಿ ಮ್ಯಾಲ ಕುಂತರ ಆತು."

ಕೊನೆಗೆ ಉಳಿದದ್ದು ದೀಪಾವಳಿಯಿಂದ ಧನುರ್ಮಾಸದವರೆಗಿನ ಒಂದು ತುಂಡು. ಜೋಯಿಸರು ಅದನ್ನು ಉತ್ತಮೋತ್ತಮ ಎಂದರು. ಮದರಾಸಿನ ಕಡಲಲ್ಲಿ ಚಂಡಮಾರುತ ಏಳುವುದು ಸರಿಯಾಗಿ ಅದೇ ದಿನಗಳಲ್ಲಿ ಎಂದು ಮೇಷ್ಟರು ಅಳುಕುತ್ತ ಹೇಳಿದರು. ಜೋಯಿಸರು ಪಂಚಾಂಗ ಮಡಿಸಿಟ್ಟರು. "ಅದು ಮದರಾಸಿನವರ ತೊಂದರಿ" ಎಂದರು.

೩. ಬೀಳ್ಕೊಡುಗೆ

ಟಿಕೆಟ್ಟು ಬಂದಮೇಲೆ ಪೇಟೆಯವರು ಸುಮ್ಮನಿರಲಿಲ್ಲ. ಬೀಳ್ಕೊಡುಗೆ ಏರ್ಪಡಿಸಿದರು. ಎದುರಂಗಡಿಯ ಸಾಹುಕಾರರೇ ಅಧ್ಯಕ್ಷರು. ಹಡಗಿನಲ್ಲಿ ಹೋಗುವವರನ್ನು ಕುರಿತು ಭಾಷಣ ಮಾಡುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಅವರಿಗೆ ಬರುತ್ತಿದ್ದುದು ಒಂದೇ ಬಗೆಯ ಭಾಷಣ. ಅದನ್ನೇ ಮಾಡಿದರು. ನಮ್ಮ ಸಾಹುಕಾರರ ಅಗಲಿಕೆಯಿಂದ ಹತ್ತಿ ವ್ಯಾಪಾರಕ್ಕೆ ತುಂಬಲಾರದ ನಷ್ಟವಾಗಿದೆ, ಕುಟುಂಬದವರಿಗೆ ದುಃಖ ತಡೆಯುವ ಶಕ್ತಿಯನ್ನು ದೇವರು ಕೊಡಲಿ ಎಂದು ಕೈಮುಗಿದರು. ಸಾಹುಕಾರರ ತಾಯಿ ಅತ್ತರು. ಸಾಹುಕಾರರ ಕಣ್ಣೂ ತೇವವಾಯಿತು. ಎಲ್ಲರೂ ಒಂದು ನಿಮಿಷ ಎದ್ದು ನಿಂತರು.

ಇಷ್ಟಾದ ಮೇಲೆ ಹೋಗದೆ ಊರಲ್ಲಿ ಓಡಾಡುವುದು ಯಾವ ಮನುಷ್ಯನಿಗೂ ಸಾಧ್ಯವಿರಲಿಲ್ಲ.

೪. ನೀರಿನ ಅಭ್ಯಾಸ

ಹಡಗು ಹತ್ತುವ ಮೊದಲು ಹೊಟ್ಟೆಯನ್ನು ನೀರಿನ ಮೇಲೆ ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಸಿರುಗುಪ್ಪದ ಅತ್ತೆಮನೆಗೆ ಹೋಗಿ, ಅಲ್ಲಿ ಅಭ್ಯಾಸ ಮುಗಿಸಿ, ಆದೋನಿಗೆ ಬಸ್ಸು ಹಿಡಿದು ಮದರಾಸಿನ ರೈಲು ಹತ್ತುವುದೆಂದಾಯಿತು. ಸಾಮಾನು ಕಾಯಲು ನಾನೂ ಹೋದೆ.

ಸಿರುಗುಪ್ಪದ ಪಕ್ಕದ ದೇಶನೂರಿನ ಹತ್ತಿರ ತುಂಗಭದ್ರೆಯಲ್ಲಿ ಒಂದು ನಡುಗಡ್ಡೆ. ಅದರ ಮೇಲೆ ಅತ್ತೆಮನೆಯವರ ಒಂದಿಷ್ಟು ಗದ್ದೆ, ಕಾವಲಿನ ಗುಡಿಸಲು. ಹೋಗಲು ಹರಿಗೋಲು. ಹರಿಗೋಲೆಂದರೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ಹತ್ತಿದವರು ತಳದಲ್ಲಿ ಮುದುಡಿ ಕೂಡುವುದು ವಾಡಿಕೆ. ಸಾಹುಕಾರರು ಮುದುಡಲು ಒಪ್ಪಲಿಲ್ಲ. ಚಿತ್ರದಲ್ಲಿ ಎಲ್ಲರೂ ಕುರ್ಚಿಯ ಮೇಲಿದ್ದರು. ಅತ್ತೆಮನೆಯಿಂದ ಕೈಯಿರುವ ಕುರ್ಚಿ ಬಂತು.

"ಸಾವ್ಕಾರ್ರ, ಕೆಳಗ ಕುಂದರ್ರಿ" ಎಂದ ಅಂಬಿಗ. "ಇದು ಬುಟ್ಟಿ ಐತ್ರಿ, ಕಚೇರಿ ಅಲ್ಲ."

ಸಾಹುಕಾರರು ಕೋಟಿನ ಗುಂಡಿ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತರು. ಅಮ್ಮನವರು ತಳದಲ್ಲಿ ಕುಳಿತು ರೊಟ್ಟಿಗಂಟು ಬಿಚ್ಚಿದರು. ಹೊಳೆಯ ನಡುವೆ ಸೆಳವಿಗೆ ಸಿಕ್ಕಿ ಹರಿಗೋಲು ತಿರುಗತೊಡಗಿತು. ಕೆಳಗೆ ಕುಳಿತ ನಮಗೆ ಅದು ತಿರುಗಿದಂತೆ ಕಂಡಿತು. ಎತ್ತರದಲ್ಲಿದ್ದ ಸಾಹುಕಾರರಿಗೆ ಸಿರುಗುಪ್ಪ, ಆದೋನಿ, ಆಕಾಶ, ಹೆಂಡತಿ, ಎಲ್ಲ ಒಂದರ ಹಿಂದೊಂದು ಕಂಡು ಮತ್ತೆ ಮೊದಲಿನಿಂದ ಕಾಣತೊಡಗಿದವು. ಬೆಳಗಿನ ಉಪ್ಪಿಟ್ಟನ್ನು ಅವರು ನಾಲ್ಕು ದಿಕ್ಕಿಗೂ ಅರ್ಪಿಸಿದರು. ಅಮ್ಮನವರು ಇನ್ನೊಂದು ರೊಟ್ಟಿ ಮುರಿದರು.

ಗಡ್ಡೆಯ ಮೇಲೆ ಇಳಿದು, ಬಹಳ ಹೊತ್ತು ನೆಲ ಹಿಡಿದು ಕುಳಿತು, ಸಾಹುಕಾರರು ಹೇಳಿದರು: "ನಾ ಮತ್ತ ನೀರಿನ ಮ್ಯಾಲ ಕಾಲಿಡಂಗಿಲ್ಲ."

"ಬ್ಯಾಡ ಬಿಡ್ರಿ" ಎಂದ ಅಂಬಿಗ. "ಹೊಳಿ ಇಳೀಲಿ. ಆಮ್ಯಾಲ ನಡಕೊಂತ ಬರ್ರಿ."

"ಮತ್ತ ಹಡಗ?" ಎಂದರು ಅಮ್ಮನವರು. ಸಾಹುಕಾರರು ನೆಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಬಳ್ಳಾರಿಗೆ ಹಿಂದಿರುಗುವಂತಿಲ್ಲ, ಹಾರ ಹಾಕಿ ಕಳಿಸಿದ್ದಾರೆ. ಮುಂದೆ ಹೋಗುವಂತಿಲ್ಲ, ಹೊಟ್ಟೆ ಒಪ್ಪುವುದಿಲ್ಲ.

ಅಮ್ಮನವರು ಸುತ್ತ ಒಮ್ಮೆ ನೋಡಿದರು. "ದ್ವೀಪಕ್ಕ ಹೋಗೋರು ಅಂತ ಅಂದಿದ್ರಿ. ಇಬ್ಬರೂ ಬಂದೀವಿ. ನಿಮ್ಮ ಮಾತೇನೂ ಸುಳ್ಳಾಗಿಲ್ಲ" ಎಂದರು. "ಇಲ್ಲೇ ಇರ್‍ರಿ. ಟಿಕೀಟು ಸುಮ್ಮನ ಹಾಳಾಗಬಾರದು. ನಾ ಕುರುಗೋಡಿನಿಂದ ತಂಗೀನ ಕರಸ್ತೀನಿ." ಹೋಗಿ ಹರಿಗೋಲಿನ ತಳದಲ್ಲಿ ಕುಳಿತರು. ಸಿರುಗುಪ್ಪದಲ್ಲಿ ಟ್ರಂಕನ್ನು ನಾನೇ ಬಸ್ಸಿಗೇರಿಸಿದೆ.

ಸಾಹುಕಾರರು ಕಾವಲುಗಾರನ ಗುಡಿಸಲಿನಲ್ಲಿ ಗದ್ದೆಯ ಹಕ್ಕಿ ಓಡಿಸುತ್ತ ಇದ್ದರು. ಹೊಳೆ ಮೊಳಕಾಲಿಗಿಳಿದ ಮೇಲೆ ನಡೆದುಕೊಂಡು ಈಚೆಗೆ ಬಂದರು. ಕುರ್ಚಿ ಹಿಂದೆ ಆಳಿನ ತಲೆಯ ಮೇಲೆ ಬಂತು. ಬಿಸಿಲಿಗೆ ಅವರು ಕಪ್ಪಾಗಿದ್ದುದನ್ನು ಕಂಡು ಇಡೀ ಪೇಟೆ ಲಂಕೆಯ ಹವೆಯನ್ನು ಮೆಚ್ಚಿತು.

ಸ್ವಾಗತ ಸಮಾರಂಭದಲ್ಲಿ ಎದುರಂಗಡಿಯ ಸಾಹುಕಾರರು ದ್ವೀಪ ಹೇಗಿತ್ತೆಂದು ಕೇಳಿದರು. "ಸುತ್ತ ನೀರು. ನಡುವ ನಾ ಇದ್ದೆ" ಎಂದರು ನಮ್ಮ ಸಾಹುಕಾರರು. ಹಡಗು ಹೇಗಿತ್ತೆಂದು ಕೇಳಿದಾಗ, ಅದನ್ನು ಮನೆಯಾಕೆಯನ್ನೇ ಕೇಳಬೇಕೆಂದರು. ಅಮ್ಮನವರು ಹೆಂಗಸರ ಸಾಲಿನಲ್ಲಿದ್ದರು, ಯಾರೂ ಕೇಳಲಿಲ್ಲ. ಹಾರವನ್ನು ಸಾಹುಕಾರರಿಗೆ ಹಾಕಲಾಯಿತು.

ಅಮ್ಮನವರೂ ಅವರ ತಂಗಿಯೂ ಲಂಕೆಗೆ ಹೋಗಿ ಬಂದಿದ್ದರು. ಆ ವರ್ಷ ಚಂಡಮಾರುತ ಏಳಲಿಲ್ಲ. ಹಡಗಿನಲ್ಲಿ ಕುರ್ಚಿಗಳಿದ್ದವು.